ಹಗುರ ಚಕ್ರ ಕೊಂಡು ಕಲಿತದ್ದು

ಬೆಂಗಳೂರಿನ ಅಮೃತಹಳ್ಳಿಯಲ್ಲಿದ್ದು ರೋಡ್ ಬೈಕ್ ಕೊಂಡವರಿಗೆ ನಂದಿಬೆಟ್ಟದ ಆಸೆ ಹುಟ್ಟದೇ ಇರದು. ಬಳ್ಳಾರಿ ರಸ್ತೆ ಹಿಡಿದು ಯಲಹಂಕ, ದೇವನಹಳ್ಳಿ ಕಡೆ ಹೊರಟರೆ ಬೆಟ್ಟದ ಬುಡ ಒಂದು ಬೆಳಗಿನ ದಾರಿ. ನನ್ನದು ಶಿಮಾನೊ ಕ್ಲಾರಿಸ್ ಗೇರಿನ ಆರಂಭಿಕ ಮಟ್ಟದ ಸೈಕಲ್. ಮುಂದೆ 50 ಮತ್ತು 34 ಹಲ್ಲಿನ ಎರಡು ಚೈನ್ ರಿಂಗ್, ಹಿಂದೆ 11ರಿಂದ 28 ಹಲ್ಲಿನವರೆಗೆ ಎಂಟು ಗೇರ್. ಬೆಟ್ಟದ ಏರಿನಲ್ಲಿ ಇಳಿದು ತಳ್ಳಬೇಕಾಗಿ ಬಂದಾಗ ಸೈಕಲ್ ಭಾರವಾಯಿತೆಂದು ತೀರ್ಮಾನಿಸಿದೆ. ಎಡವಿದ್ದು ಅಲ್ಲೇ.

ಕೂಡಿಟ್ಟ ದುಡ್ಡಿನಲ್ಲಿ ಹಗುರ ಚಕ್ರಗಳ ಜೋಡಿ ತಂದೆ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರನ್ನೂ ಕೊಂಡೆ; ಯಾರೋ ಬಳಸಿ ಮಾರುತ್ತಿದ್ದ, ಶಿಮಾನೊದ್ದೇ 105 ಸರಣಿಯ, ಹನ್ನೊಂದು ಗೇರಿನದು. ಹಾಕಿಸಿದ ಮೇಲೆ ಗೇರ್ ಸರಿಯಾಗಿ ಕೂರಲೇ ಇಲ್ಲ. ಎಂಟು ಗೇರಿನ ಲಿವರ್ ಒಂದು ಸಲಕ್ಕೆ ಎಳೆಯುವ ಕೇಬಲ್ಲಿನ ಅಳತೆಗೂ ಹನ್ನೊಂದರ ಡಿರೇಲರ್ ಕೇಳುವ ಅಳತೆಗೂ ತಾಳೆಯಿಲ್ಲ. ಒಂದೇ ಕಂಪನಿಯದಾದರೆ ಹೊಂದಿಯೇ ಹೊಂದುತ್ತದೆ ಎಂದು ನಂಬಿದ್ದೆ, ಕೇಳಿ ತಿಳಿಯಲಿಲ್ಲ.

ಲೆಕ್ಕ ಹಾಕಿದ್ದು ದುಡ್ಡು ಹೋದ ಮೇಲೆ. ಹೊಸ ಚಕ್ರಗಳಿಂದ ಇಳಿದ ತೂಕ 400 ಗ್ರಾಂ. ನಾನು, ಸೈಕಲ್, ನೀರಿನ ಬಾಟಲಿ ಸೇರಿದರೆ 80 ಕಿಲೋ. ಅಂದರೆ ನೂರಕ್ಕೆ ಅರ್ಧ ಪಾಲು. 40 ನಿಮಿಷದ ಏರಿನಲ್ಲಿ ಉಳಿಯುವುದು ಸುಮಾರು 12 ಸೆಕೆಂಡ್. ನನ್ನನ್ನು ಇಳಿಸಿದ್ದು ತೂಕವಲ್ಲ, ಗೇರ್. ಮುಂದೆ 34, ಹಿಂದೆ 28 ಹಲ್ಲಿಗೆ ಹಾಕಿ ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿಯಬೇಕಾದರೆ ಗಂಟೆಗೆ 9 ಕಿ.ಮೀ.ಗೂ ಮೀರಿದ ವೇಗ ಬೇಕು. ಕಡಿದಾದ ತಿರುವುಗಳಲ್ಲಿ ನನ್ನ ಕಾಲಿಗೆ ಆ ಕಸುವಿಲ್ಲ. ಹಿಂದೆ 32 ಹಲ್ಲಿದ್ದರೆ 8 ಕಿ.ಮೀ. ಸಾಕು. ಬೇಕಾಗಿದ್ದದ್ದು 32 ಹಲ್ಲಿನವರೆಗಿನ, ಎಂಟು ಗೇರಿನದೇ ಒಂದು ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ), ಅದಕ್ಕೆ ತಕ್ಕ ಉದ್ದದ ಚೈನ್, ಅಷ್ಟು ಹಲ್ಲನ್ನು ತಡೆಯುವ ಉದ್ದ ತೋಳಿನ ಡಿರೇಲರ್.

ಇದಕ್ಕಿಂತ ಕಟುವಾದ ಪಾಠ ಮಳೆಯಲ್ಲಿ ಸಿಕ್ಕಿತು. ದುಡ್ಡೆಲ್ಲ ಚಕ್ರಕ್ಕೆ ಸುರಿದು, ಕಲ್ಲಿನಂತಾಗಿದ್ದ ಹಳೇ ಬ್ರೇಕ್ ರಬ್ಬರನ್ನೇ ಉಳಿಸಿಕೊಂಡಿದ್ದೆ. ಸರ್ವಿಸ್ ರಸ್ತೆಯಲ್ಲಿ ಮುಂದಿದ್ದ ಆಟೊ ತಟ್ಟನೆ ನಿಂತಾಗ ಎರಡೂ ಬ್ರೇಕ್ ಹಿಡಿದರೂ ಸೈಕಲ್ ನಿಲ್ಲದೆ ಹೋಗಿ ಬಡಿಯಿತು. ಮೊಣಕೈ ತರಚಿತು. ಹಿಂದೆ ಬಸ್ಸು ಲಾರಿ ಇರಲಿಲ್ಲವಾದ್ದರಿಂದ ಅಷ್ಟಕ್ಕೇ ಮುಗಿಯಿತು. ಒದ್ದೆ ರಿಮ್ಮನ್ನೂ ಹಿಡಿಯುವ ಮೃದು ರಬ್ಬರಿಗೆ ಆಮೇಲೆ ಕೊಟ್ಟ ಹಣ ಚಕ್ರದ ಬೆಲೆಯ ಮುಂದೆ ಲೆಕ್ಕಕ್ಕೇ ಇಲ್ಲ.

ಹೊಸದಾಗಿ ಸೈಕಲ್ ಕೊಂಡವರು ಕೇಳಿದರೆ ನಾನು ಹೇಳುವ ಕ್ರಮ ಇದು. ಮೊದಲು ಬ್ರೇಕ್ ರಬ್ಬರ್. ಆಮೇಲೆ ಟೈರ್: ಫ್ರೇಮು, ಬ್ರೇಕುಗಳ ನಡುವೆ ಜಾಗವಿದ್ದರೆ 25 ಮಿ.ಮೀ. ಬದಲು 28, ಗಾಳಿ ಸ್ವಲ್ಪ ಕಡಿಮೆ ಹಿಡಿಯಬಹುದು, ನಮ್ಮ ಗುಂಡಿ ರಸ್ತೆಗಳಲ್ಲಿ ಕೈಗೂ ಬೆನ್ನಿಗೂ ಹಿತ. ಮೂರನೆಯದು ಸೀಟಿನ ಎತ್ತರ, ಅದಕ್ಕೆ ಖರ್ಚೇ ಇಲ್ಲ. ಚೈನ್ ಸವೆದಾಗ ಕ್ಯಾಸೆಟ್ಟನ್ನೂ ನೋಡಿಸಿ, ಏರಿಗೆ ಬೇಕಾದ ಹಲ್ಲಿನದನ್ನು ಆಗಲೇ ಹಾಕಿಸಿ. ಯಾವ ಭಾಗ ಕೊಳ್ಳುವ ಮೊದಲೂ ಎಷ್ಟು ಗೇರಿನದು, ನಿಮ್ಮ ಲಿವರಿಗೆ ಹೊಂದುತ್ತದೆಯೇ ಎಂದು ಮೆಕ್ಯಾನಿಕ್ ಹತ್ತಿರ ಕೇಳಿ. ಇಡೀ ಗೇರ್ ಸೆಟ್ ಬದಲಿಸುವ ಆಸೆಯಾದರೆ ಆ ದುಡ್ಡನ್ನು ಮುಂದಿನ ಸೈಕಲ್ಲಿಗೆ ಕೂಡಿಡಿ. ಹಗುರ ಚಕ್ರ ಕೊನೆಗಿರಲಿ.