ದಾಟಿಹೋಗುವವರ ಲೆಕ್ಕ

ನ್ಯೂಯಾರ್ಕ್ ರಾಜ್ಯದಲ್ಲಿ ಮೆಕ್ಸಿಕೋ ಎಂಬ ಸಣ್ಣ ಊರೊಂದಿದೆ. ಮೆಕ್ಸಿಕೋ ದೇಶಕ್ಕೂ ಈ ಊರಿಗೂ ಇರುವುದು ಹೆಸರಿನ ನಂಟು ಮಾತ್ರ. ಅದರ ಹತ್ತಿರ, ಒಂಟಾರಿಯೋ ಸರೋವರದ ದಡದಲ್ಲಿ ಡರ್ಬಿ ಹಿಲ್ ಇದೆ. ಹಿಲ್ ಎಂದ ಕೂಡಲೇ ನಮ್ಮ ಗದುಗಿನ ಕಪ್ಪತಗುಡ್ಡವನ್ನು ನೆನೆಸಿಕೊಳ್ಳಬೇಡಿ. ಇದು ಹುಲ್ಲು ಬೆಳೆದ ಒಂದು ದಿಬ್ಬ, ಅಷ್ಟೆ. ಉತ್ತರಕ್ಕೆ ಮುಖ ಮಾಡಿ ನಿಂತರೆ ಕಣ್ಣು ಹಾಯುವಷ್ಟೂ ನೀರು. ಪ್ರತಿ ವರ್ಷ ಮಾರ್ಚ್ ತಿಂಗಳಿಂದ ಮೇ ಕೊನೆಯವರೆಗೆ ಈ ದಿಬ್ಬದ ಮೇಲೆ ಒಬ್ಬರಲ್ಲ ಒಬ್ಬರು ಕತ್ತೆತ್ತಿ ನಿಂತಿರುತ್ತಾರೆ. ಕೆಲಸ ಒಂದೇ: ಚಳಿಗಾಲ ಕಳೆದು ಉತ್ತರಕ್ಕೆ ಮರಳುತ್ತಿರುವ ಗಿಡುಗ, ಹದ್ದು, ಡೇಗೆಗಳನ್ನು ಎಣಿಸುವುದು. ಒಂದು ವಸಂತಕ್ಕೆ ಸರಾಸರಿ ಸುಮಾರು 40 ಸಾವಿರ ಹಕ್ಕಿಗಳು ಈ ಲೆಕ್ಕಕ್ಕೆ ಸಿಗುತ್ತವೆ.

ನಾನು ಇಲ್ಲಿಂದ ಒಂದು ಗಂಟೆಯೊಳಗಿನ ದಾರಿಯ ಸಿರಕ್ಯೂಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ವಿಷಯ ಹಕ್ಕಿಯಲ್ಲ, ಮನುಷ್ಯರ ವಲಸೆ. ಉತ್ತರ ಕರ್ನಾಟಕದ ಭಾಷೆಯಲ್ಲಿ ಹೇಳುವುದಾದರೆ, ಗುಳೆ. ಮೂರು ವಸಂತಗಳ ಹಿಂದೆ ಪಕ್ಷಿಪ್ರಿಯ ಗೆಳತಿಯೊಬ್ಬಳು ಕಾರಿನಲ್ಲಿ ಜಾಗ ಇದೆ ಎಂದಳೆಂದು ಹೋದವಳು, ಅಂದಿನಿಂದ ವಾರಕ್ಕೊಮ್ಮೆಯಾದರೂ ಹೋಗುತ್ತಿದ್ದೇನೆ. ಅಧಿಕೃತವಾಗಿ ಎಣಿಸುವವರು ಬೇರೆ ಇರುತ್ತಾರೆ. ನಾನು ಅವರ ಪಕ್ಕದಲ್ಲಿ ನಿಂತು, ದೂರದಲ್ಲಿ ಚುಕ್ಕಿ ಕಂಡರೆ ಕೈ ತೋರಿಸುವವಳು, ಬೆರಳು ಮರಗಟ್ಟಿದವರಿಗೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಡುವವಳು.

ಇಷ್ಟು ವಿಶಾಲವಾದ ಆಕಾಶ ಬಿಟ್ಟು ಹಕ್ಕಿಗಳು ಈ ದಿಬ್ಬದ ಮೇಲೆಯೇ ಯಾಕೆ ಹೋಗುತ್ತವೆ? ಉತ್ತರ ನೀರಿನಲ್ಲಿದೆ. ಗಿಡುಗದಂತಹ ಅಗಲ ರೆಕ್ಕೆಯ ಹಕ್ಕಿಗಳು ದೂರದ ಪಯಣದಲ್ಲಿ ರೆಕ್ಕೆ ಬಡಿದು ಶಕ್ತಿ ಕಳೆದುಕೊಳ್ಳುವುದಿಲ್ಲ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯನ್ನು ಹಿಡಿದು ಸುತ್ತುತ್ತಾ ಮೇಲೇರುತ್ತವೆ, ಎತ್ತರದಿಂದ ಮುಂದಕ್ಕೆ ಜಾರುತ್ತವೆ, ಮತ್ತೊಂದು ಬಿಸಿಗಾಳಿ ಹುಡುಕಿಕೊಳ್ಳುತ್ತವೆ. ತಣ್ಣನೆಯ ಸರೋವರದ ಮೇಲೆ ಅಂಥ ಗಾಳಿ ಏಳುವುದಿಲ್ಲ. ಒಂಟಾರಿಯೋ ಪೂರ್ವ ಪಶ್ಚಿಮವಾಗಿ 300 ಕಿಲೋಮೀಟರಿಗೂ ಉದ್ದ ಮಲಗಿರುವ ಸರೋವರ. ದಕ್ಷಿಣದಿಂದ ಬಂದ ಹಕ್ಕಿಗಳು ಅದರ ದಡದಲ್ಲಿ ತಡೆದು, ಪೂರ್ವಕ್ಕೆ ತಿರುಗಿ, ದಡದಗುಂಟ ಸಾಗಿ, ಆಗ್ನೇಯ ಮೂಲೆಯನ್ನು ಬಳಸಿಕೊಂಡು ಮತ್ತೆ ಉತ್ತರದ ದಾರಿ ಹಿಡಿಯುತ್ತವೆ. ಆ ಮೂಲೆಯೇ ಡರ್ಬಿ ಹಿಲ್. ದಕ್ಷಿಣದ ಗಾಳಿ ಬೀಸಿದ ದಿನ ಹಕ್ಕಿಗಳು ದಡಕ್ಕೆ ಒತ್ತರಿಸಿಕೊಂಡು ಬರುತ್ತವೆ. ನಮಗೆ ಅಂದು ಹಬ್ಬ.

ಮಾರ್ಚ್‌ನಲ್ಲಿ ಹಿಮ ಇನ್ನೂ ಕರಗದಿರುವಾಗಲೇ ಟರ್ಕಿ ರಣಹದ್ದುಗಳು ಬರುತ್ತವೆ, ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ, ಕುಡಿದವರ ಹಾಗೆ ಆಚೀಚೆ ಓಲಾಡುತ್ತಾ. ಕೆಂಪು ಬಾಲದ ಗಿಡುಗಗಳು, ಆಗೊಂದು ಈಗೊಂದು ಬಂಗಾರದ ಹದ್ದು. ನನಗೆ ಹೆಚ್ಚು ಖುಷಿ ಕೊಡುವುದು ಸೆಳೆವ. ಇದರ ದಾಯಾದಿಗಳು ಚಳಿಗಾಲಕ್ಕೆ ನಮ್ಮ ಕಡೆಯ ಎರೆಹೊಲಗಳಿಗೆ, ಹುಲ್ಲುಗಾವಲುಗಳಿಗೆ ಬಂದು, ವಸಂತಕ್ಕೆ ಕಜಕಸ್ತಾನದ ಕಡೆಯ ಬಯಲುಗಳಿಗೆ ಮರಳುತ್ತವೆ. ಇಲ್ಲಿನದು ಬೇರೆ ಜಾತಿ, ಆದರೆ ನೆಲಕ್ಕೆ ತಾಗುವ ಹಾಗೆ ತೇಲುವ ರೀತಿ ಅದೇ.

ಏಪ್ರಿಲ್ ಕೊನೆಯ ವಾರ ಅಗಲ ರೆಕ್ಕೆಯ ಗಿಡುಗಗಳ ಸರದಿ. ಇಂಗ್ಲಿಷಿನಲ್ಲಿ ಬ್ರಾಡ್‌ವಿಂಗ್ಡ್ ಹಾಕ್. ಕಾಗೆಯಷ್ಟೇ ದೊಡ್ಡದಾದ ಈ ಹಕ್ಕಿ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಿಂದ ಬರುತ್ತದೆ, ಅದೂ ಒಂಟಿಯಾಗಿ ಅಲ್ಲ, ದಂಡುಗಟ್ಟಿ. ಒಂದೇ ಬಿಸಿಗಾಳಿಯ ಕಂಬದಲ್ಲಿ ನೂರಾರು ಹಕ್ಕಿಗಳು ಸುಂಟರಗಾಳಿಗೆ ಸಿಕ್ಕ ಒಣಗಿದೆಲೆಗಳಂತೆ ತಿರುಗುತ್ತವೆ. ಇದಕ್ಕೆ ಇಲ್ಲಿಯವರು ಕೆಟಲ್ ಎನ್ನುತ್ತಾರೆ, ಕುದಿಯುವ ಪಾತ್ರೆ ಎಂಬ ಅರ್ಥದಲ್ಲಿ. ಕುದಿಯುವುದನ್ನು ಎಣಿಸಲಾಗದು. ಹಾಗಾಗಿ ಕಾಯಬೇಕು. ಕಂಬದ ತುದಿ ಮುಟ್ಟಿದ ಹಕ್ಕಿಗಳು ಒಂದೊಂದಾಗಿ ಕಳಚಿಕೊಂಡು ಸಾಲಾಗಿ ಮುಂದಕ್ಕೆ ಜಾರತೊಡಗಿದಾಗ, ಕಣ್ಣಲ್ಲೇ ಒಂದು ಗೆರೆ ಎಳೆದುಕೊಂಡು, ಅದನ್ನು ದಾಟಿದ ಪ್ರತಿ ಹಕ್ಕಿಗೂ ಒಮ್ಮೆ ಕ್ಲಿಕ್ಕರ್ ಒತ್ತಬೇಕು. ನಮ್ಮಲ್ಲಿ ಕೆಲವರು ಜಪ ಎಣಿಸಲು ಬೆರಳಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದೇ ಜಾತಿಯ ಯಂತ್ರ.

ಗಂಟೆಗೊಮ್ಮೆ ನಮೂನೆ ತುಂಬಬೇಕು. ಗಾಳಿಯ ದಿಕ್ಕು, ವೇಗ, ಉಷ್ಣಾಂಶ, ಮೋಡ, ಯಾವ ಜಾತಿ ಎಷ್ಟು. ಅಲ್ಲೇ ಗೂಡು ಕಟ್ಟಿಕೊಂಡಿರುವ ಸ್ಥಳೀಯ ಗಿಡುಗ ದಿನಕ್ಕೆ ಹತ್ತು ಸಲ ತಲೆಯ ಮೇಲೆ ಸುತ್ತಿದರೂ ಲೆಕ್ಕಕ್ಕಿಲ್ಲ. ದಾಟಿಹೋಗುವವರು ಮಾತ್ರ ಲೆಕ್ಕ. ನಮೂನೆಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಕಾಲಂ ಇದೆ: ಗುರುತಾಗದ ಹಕ್ಕಿ. ಗಿಡುಗದ ಜಾತಿಯದು ಎಂದು ಗೊತ್ತು, ಯಾವ ಗಿಡುಗ ಎಂದು ಗೊತ್ತಾಗಲಿಲ್ಲ, ಬರೆಯಿರಿ. ಅನುಭವವಿಲ್ಲದವರು ಆ ಕಾಲಂ ತುಂಬಲು ನಾಚುತ್ತಾರೆ, ಏನಾದರೊಂದು ಹೆಸರು ಊಹಿಸಿಬಿಡುತ್ತಾರೆ. ವರ್ಷಗಳಿಂದ ಎಣಿಸುತ್ತಿರುವವರು ಮುಲಾಜಿಲ್ಲದೆ ತುಂಬುತ್ತಾರೆ. ಹೆಸರು ತಿಳಿಯದಿದ್ದರೂ ಅದು ಹೋದದ್ದು ನಿಜ ತಾನೆ?

ಮೊದಲ ವರ್ಷ ಇದನ್ನೆಲ್ಲ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಲಕ್ಷ್ಮೇಶ್ವರದ ಹತ್ತಿರದ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿ ನಿವೃತ್ತರಾದವರು.

"ಅಲ್ಲವಾ, ಅಷ್ಟ ದೂರ ಹೋಗಿ ಹದ್ದ ಎಣಸಾಕತ್ತೀಯೇನ? ಮಾಗಡಿ ಕೆರಿ ಇಲ್ಲೇ ಇತ್ತಲ್ಲ," ಎಂದರು.

ಅವರು ಹೇಳಿದ್ದು ನಿಜ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ, ಮಾರ್ಚ್ ಹೊತ್ತಿಗೆ ಹಾರಿಹೋಗುತ್ತವೆ. 2024ರಲ್ಲಿ ಅದಕ್ಕೆ ರಾಮ್ಸರ್ ಮಾನ್ಯತೆಯೂ ಸಿಕ್ಕಿತು. ಸುತ್ತಲಿನ ಶೇಂಗಾ, ಕಡಲೆ ಹೊಲದವರಿಗೆ ಅವುಗಳ ಮೇಲೆ ಸಿಟ್ಟೂ ಇದೆ, ಅಭಿಮಾನವೂ ಇದೆ. ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಕೇಳಿದರು: "ಒಂದ ಹಕ್ಕಿ ಎರಡ ಸಲ ಎಣಿಸಿದ್ರ ಹೆಂಗ?" ಇದು ಜನಗಣತಿ ಮಾಡಿದವರ ಪ್ರಶ್ನೆ. ಶಾಲಾ ಮಾಸ್ತರರಿಗೆ ಆ ಕೆಲಸ ತಪ್ಪಿದ್ದಲ್ಲ. "ಒಂದ ಮನಿ ಬಿಡಬಾರದು, ಒಂದ ಮನಿ ಎರಡ ಸಲ ಬರೀಬಾರದು" ಎಂಬುದು ಆ ದಿನಗಳಲ್ಲಿ ಅವರ ಮಂತ್ರ.

2011ರ ಜನಗಣತಿಯಲ್ಲಿ ಫೆಬ್ರವರಿ 9ರಿಂದ 28ರವರೆಗೆ ಮನೆಮನೆಯ ಎಣಿಕೆ. ಕೊನೆಯ ದಿನ, ಫೆಬ್ರವರಿ 28ರ ರಾತ್ರಿ, ಮನೆಯೇ ಇಲ್ಲದವರ ಎಣಿಕೆ. ಅವರು ಎಲ್ಲಿ ಮಲಗಿದ್ದಾರೋ ಅಲ್ಲೇ ಹೋಗಿ ಬರೆಯಬೇಕು. ಆಗ ನಾನು ಎಂಟನೇ ಇಯತ್ತೆ. ಟಾರ್ಚ್ ಹಿಡಿಯಲು ಅಪ್ಪ ನನ್ನನ್ನು ಕರೆದುಕೊಂಡು ಹೋಗಿದ್ದರು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಗಂಟುಮೂಟೆ ಕಟ್ಟಿಕೊಂಡು ಒಂದು ಕುಟುಂಬ ಮಲಗಿತ್ತು. ಬೆಳಿಗ್ಗೆಯ ಮೊದಲ ಬಸ್ಸಿಗೆ ಗೋವಾ ಕಡೆ ಹೊರಟವರು. ಮನೆ ಇತ್ತು ಅವರಿಗೆ, ಆದರೆ ಬೀಗ ಹಾಕಿ ಬಂದಿದ್ದರು. ಊರಲ್ಲಿ ನಿಮ್ಮನ್ನು ಬರೆದುಕೊಂಡಿದ್ದಾರಾ ಎಂದು ಅಪ್ಪ ಕೇಳಿದರು. ಹೆಣ್ಣುಮಗಳು ಎದ್ದು ಕೂತು, ಸೆರಗು ಸರಿಮಾಡಿಕೊಂಡು, "ಬರಸಿದ್ರ ಏನ ಸಿಗತೈತ್ರಿ ಸರ?" ಎಂದಳು.

"ಏನೂ ಸಿಗಂಗಿಲ್ಲವಾ. ನೀ ಅದೀ ಅಂತ ಗೊತ್ತಾಗತೈತಿ," ಎಂದರು ಅಪ್ಪ.

ಆಕೆ ನಕ್ಕಳು. ತಮಾಷೆಗೆ ನಕ್ಕಳೋ ಬೇಸರಕ್ಕೋ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಎಣಿಸಿದರೆ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಗಿಡುಗದ ಎಣಿಕೆಯಲ್ಲಿ ಒಂದು ಒಳ್ಳೆಯ ಉತ್ತರವಿದೆ. ಡರ್ಬಿ ಹಿಲ್‌ನಿಂದ ದಕ್ಷಿಣಕ್ಕೆ, ಪೆನ್ಸಿಲ್ವೇನಿಯಾದಲ್ಲಿ ಹಾಕ್ ಮೌಂಟನ್ ಎಂಬ ಬೆಟ್ಟವಿದೆ. ಅಲ್ಲಿ ಎಣಿಕೆ ನಡೆಯುವುದು ಶರತ್ಕಾಲದಲ್ಲಿ, ಹಕ್ಕಿಗಳು ದಕ್ಷಿಣಕ್ಕೆ ಇಳಿಯುವಾಗ. 1930ರ ದಶಕದ ಆರಂಭದವರೆಗೆ ಅಲ್ಲಿಗೆ ಜನ ಹೋಗುತ್ತಿದ್ದದ್ದು ಗುಂಡು ಹೊಡೆಯಲು. ಗಿಡುಗ ಎಂದರೆ ಕೋಳಿ ಕದಿಯುವ ಪೀಡೆ ಎಂಬ ಕಾಲ ಅದು. 1932ರಲ್ಲಿ ರಿಚರ್ಡ್ ಪೌ ಎಂಬ ಯುವಕ ಸತ್ತ ಗಿಡುಗಗಳನ್ನು ಸಾಲಾಗಿ ಜೋಡಿಸಿ ಫೋಟೊ ತೆಗೆದ. ಬೆಟ್ಟದ ಗಿಡುಗಗಳು ಹೊರಗಿನ ಜಗತ್ತಿನ ಕಣ್ಣಿಗೆ ಬಿದ್ದದ್ದು ಹೀಗೆ, ಹೆಣಗಳ ಸಾಲಾಗಿ. ಅದನ್ನು ಕಂಡು ಕೆರಳಿದ ರೋಸಲೀ ಎಡ್ಜ್ ಎಂಬ ನ್ಯೂಯಾರ್ಕಿನ ಮಹಿಳೆ 1934ರಲ್ಲಿ ಆ ಬೆಟ್ಟವನ್ನೇ ಗುತ್ತಿಗೆಗೆ ಹಿಡಿದು, ಮಾರಿಸ್ ಬ್ರೌನ್ ಎಂಬವರನ್ನು ಕಾವಲಿಗೆ ನೇಮಿಸಿದರು. ಬ್ರೌನ್ ಬೇಟೆಗಾರರನ್ನು ತಡೆದರು, ಜೊತೆಗೆ ಹಕ್ಕಿಗಳನ್ನು ಎಣಿಸಿ ಬರೆದಿಟ್ಟರು.

ಆ ಲೆಕ್ಕ ಮುಂದೆ ಯಾವ ಕೆಲಸಕ್ಕೆ ಬಂದೀತೆಂದು ಅವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಡಿಡಿಟಿ ಆಗಿನ್ನೂ ಹೊಲಗಳಿಗೆ ಬಂದಿರಲಿಲ್ಲ. 1962ರಲ್ಲಿ ರೇಚಲ್ ಕಾರ್ಸನ್ 'ಸೈಲೆಂಟ್ ಸ್ಪ್ರಿಂಗ್' ಬರೆದಾಗ ಬ್ರೌನರ ಲೆಕ್ಕವನ್ನು ಮುಂದಿಟ್ಟರು. 1935ರಿಂದ 1939ರವರೆಗೆ ಬೆಟ್ಟ ದಾಟಿದ ಬಿಳಿತಲೆಯ ಹದ್ದುಗಳಲ್ಲಿ ನೂರಕ್ಕೆ 40 ಮರಿಗಳು. 1955ರಿಂದ 1959ರಲ್ಲಿ ನೂರಕ್ಕೆ 20. 1957ರಲ್ಲಂತೂ 32 ಪ್ರಾಯದ ಹದ್ದುಗಳಿಗೆ ಒಂದೇ ಒಂದು ಮರಿ. ದೊಡ್ಡ ಹದ್ದುಗಳು ಹಾರುತ್ತಲೇ ಇದ್ದವು, ನೋಡಿದವರಿಗೆ ಆಕಾಶದಲ್ಲಿ ಏನೂ ಕಡಿಮೆಯಾದಂತೆ ಕಾಣುತ್ತಿರಲಿಲ್ಲ. ಮಕ್ಕಳು ಹುಟ್ಟುತ್ತಿಲ್ಲ ಎಂದು ಹೇಳಿದ್ದು ಲೆಕ್ಕದ ಪುಸ್ತಕ. ಡಿಡಿಟಿಯಿಂದ ಹದ್ದುಗಳ ಮೊಟ್ಟೆಯ ಚಿಪ್ಪು ತೆಳುವಾಗಿ ಒಡೆಯುತ್ತಿತ್ತೆಂದು ಆಮೇಲೆ ತಿಳಿಯಿತು. 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿತು, 2007ರಲ್ಲಿ ಬಿಳಿತಲೆಯ ಹದ್ದು ಅಪಾಯದ ಪಟ್ಟಿಯಿಂದ ಹೊರಬಂತು. ಈಗ ಡರ್ಬಿ ಹಿಲ್‌ನಲ್ಲಿ ಅದರ ಮರಿಗಳು ದಾಟಿದಾಗ ಯಾರೂ ಕೂಗುವುದಿಲ್ಲ. ಸುಮ್ಮನೆ ಬರೆದುಕೊಳ್ಳುತ್ತಾರೆ.

ಇದನ್ನು ಓದಿದ ಮೇಲೆ ನನ್ನ ಪ್ರಬಂಧದ ಬಗ್ಗೆ ಇದ್ದ ಗೊಂದಲಕ್ಕೆ ಒಂದು ಆಕಾರ ಬಂತು. ನಾಲ್ಕು ವರ್ಷಗಳಿಂದ ನಾನು ಗುಳೆಯ ಬಗ್ಗೆ ಓದುತ್ತಿರುವುದು ಬೇರೆಯವರು ಕೂಡಿಸಿದ ಕೋಷ್ಟಕಗಳಲ್ಲಿ. ಜನಗಣತಿ ಊರು ಬಿಟ್ಟು ನೆಲೆಸಿದವರನ್ನು ಹಿಡಿಯುತ್ತದೆ. ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡಕ್ಕೆ ಎಂದು ನಾಲ್ಕು ತಿಂಗಳು ಹೋಗಿ ಮರಳುವವರು ಅದರ ಬಲೆಯ ಕಣ್ಣಿನಿಂದ ನುಸುಳಿಬಿಡುತ್ತಾರೆ. 2021ರ ಜನಗಣತಿ ಕೋವಿಡ್‌ನಿಂದ ಮುಂದೆ ಹೋಯಿತು. ಅದಕ್ಕೂ ಮುಂಚೆ, 2020ರ ಲಾಕ್‌ಡೌನ್‌ನಲ್ಲಿ ಹೆದ್ದಾರಿಗಳ ತುಂಬ ಜನ ನಡೆದರು. ಆ ಸೆಪ್ಟೆಂಬರಿನಲ್ಲಿ, ಊರಿಗೆ ಮರಳುವಾಗ ಸತ್ತ ವಲಸೆ ಕಾರ್ಮಿಕರೆಷ್ಟು ಎಂಬ ಪ್ರಶ್ನೆ ಲೋಕಸಭೆಯಲ್ಲಿ ಬಂದಾಗ, ಅಂಥ ಅಂಕಿಅಂಶ ಇಟ್ಟಿಲ್ಲ ಎಂದು ಕೇಂದ್ರ ಕಾರ್ಮಿಕ ಸಚಿವಾಲಯ ಲಿಖಿತ ಉತ್ತರ ಕೊಟ್ಟಿತು. ಹೋಗುವಾಗಲೇ ಎಣಿಸದವರನ್ನು ಬರುವಾಗ ಎಣಿಸುವುದು ಹೇಗೆ?

ಗುಳೆಗೂ ಒಂದು ಸರೋವರದ ಮೂಲೆ ಇರುತ್ತದೆ. ಎಲ್ಲ ಹಳ್ಳಿ, ಎಲ್ಲ ತಾಂಡಾ ಸುತ್ತಬೇಕಿಲ್ಲ. ಹೊರಡುವವರು ಬಸ್ ನಿಲ್ದಾಣಕ್ಕೋ ರೈಲು ನಿಲ್ದಾಣಕ್ಕೋ ಕ್ರೂಸರ್ ಗಾಡಿಗಳು ನಿಲ್ಲುವ ವೃತ್ತಕ್ಕೋ ಬಂದೇ ಬರಬೇಕು. ಗಂಟೆಗೊಮ್ಮೆ ಬರೆದುಕೊಂಡು ಅಲ್ಲಿ ಒಂದು ಹಂಗಾಮು ಪೂರ್ತಿ ಕೂರುತ್ತೇನೆ ಎಂದು ಮಾರ್ಗದರ್ಶಕರಿಗೆ ಹೇಳಿದೆ. ಒಂದು ನಿಲ್ದಾಣದಲ್ಲಿ ಕೂತು ಎಣಿಸಿದರೆ ಅದು ಗಣತಿಯೂ ಅಲ್ಲ, ಸರಿಯಾದ ಮಾದರಿಯೂ ಅಲ್ಲ ಎಂದರು. ಸರಿಯಾದ ಆಕ್ಷೇಪಣೆಯೇ. ಆದರೆ ಡರ್ಬಿ ಹಿಲ್‌ನ ಲೆಕ್ಕವೂ ಖಂಡದಲ್ಲಿರುವ ಗಿಡುಗಗಳೆಷ್ಟು ಎಂದು ಹೇಳುವುದಿಲ್ಲ. ಅದೇ ಜಾಗ, ಅದೇ ಕ್ರಮ, ವರ್ಷದಿಂದ ವರ್ಷಕ್ಕೆ. ಆಗ ಏರಿತೋ ಇಳಿಯಿತೋ ತಿಳಿಯುತ್ತದೆ. ಮರಿಗಳು ಕಡಿಮೆಯಾದವು ಎಂದು ತಿಳಿಯುವ ಹಾಗೆಯೇ, ಈ ವರ್ಷ ಮುದುಕರೂ ಹೊರಟರು, ಶಾಲೆಗೆ ಹೋಗಬೇಕಾದ ಮಕ್ಕಳೂ ಹೊರಟರು ಎಂದೂ ತಿಳಿದೀತು. ಒಬ್ಬಳ ಪ್ರಬಂಧಕ್ಕೆ ಇದು ಮುಗಿಯುವ ಕೆಲಸವಲ್ಲ, ಆರಂಭಿಸಬಹುದಾದ ಕೆಲಸ. ಒಂದು ಹಂಗಾಮಿಗೆ ಒಪ್ಪಿದ್ದಾರೆ.

ಹಕ್ಕಿಗೂ ಮನುಷ್ಯರಿಗೂ ಇರುವ ಅಂತರವೂ ನನಗೆ ಗೊತ್ತು. ಗಿಡುಗಕ್ಕೆ ತನ್ನನ್ನು ಎಣಿಸುತ್ತಿರುವುದು ಗೊತ್ತಿಲ್ಲ. ಮನುಷ್ಯರು ತಿರುಗಿ ನೋಡುತ್ತಾರೆ. ಮೇಸ್ತ್ರಿಯ ಮುಂಗಡ ತೆಗೆದುಕೊಂಡವರಿಗೆ ಪುಸ್ತಕ ಹಿಡಿದು ಕೂತವರನ್ನು ಕಂಡರೆ ಅಂಜಿಕೆ. ಹೆಸರು ಹೇಳಲು ಮನಸ್ಸಿಲ್ಲದವರಿರುತ್ತಾರೆ, ಹೇಳದಿರುವುದು ಅವರ ಹಕ್ಕು. ಅವರಿಗಾಗಿ ನನ್ನ ನಮೂನೆಯಲ್ಲೂ ಒಂದು ಕಾಲಂ ಇಟ್ಟಿದ್ದೇನೆ. ಹೆಸರಿಲ್ಲ, ಊರಿಲ್ಲ, ಗಂಟು ಹೊತ್ತು ಹೋದರು ಎಂದಷ್ಟೇ. ಮತ್ತು ಆ ಹೆಣ್ಣುಮಗಳ ಪ್ರಶ್ನೆಯನ್ನು ನನಗೂ ಕೇಳುತ್ತಾರೆ. ಅಪ್ಪನ ಉತ್ತರಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇನ್ನೂ ಇಲ್ಲ.

ಈ ವರ್ಷದ ಮೇ ಮೊದಲ ವಾರ ದಿಬ್ಬದ ಮೇಲೆ ನೀಲಿ ಜೇ ಹಕ್ಕಿಗಳು ದಾಟಿದವು. ಬೇರೆ ದಿನ ಇಡೀ ಬೀದಿಗೆ ಕೇಳುವಂತೆ ಅರಚುವ ಇವು ವಲಸೆಯಲ್ಲಿ ಸದ್ದೇ ಮಾಡುವುದಿಲ್ಲ. ದಡದ ಮರಗಳ ಮೇಲಿಂದ ಸಡಿಲ ಗುಂಪುಗಳಲ್ಲಿ, ಬೆಳಗಿನಿಂದ ಸಾವಿರಗಟ್ಟಲೆ, ಮೌನವಾಗಿ. ಅದರ ಮರುದಿನ ಉತ್ತರದ ಗಾಳಿ, ಮಳೆ. ಒಂದೂ ಹಕ್ಕಿಯಿಲ್ಲ. ಎಣಿಸುವವರು ಗಂಟೆಗೊಮ್ಮೆ ಗಡಿಯಾರ ನೋಡಿ ನಮೂನೆಯಲ್ಲಿ ಸೊನ್ನೆ ಬರೆದರು. ಸೊನ್ನೆ ಬರೆಯುವುದಕ್ಕೂ ಯಾರಾದರೂ ಅಲ್ಲಿ ನಿಂತಿರಬೇಕು.

ಸುಗ್ಗಿ ಮುಗಿಯುವ ಹೊತ್ತಿಗೆ ನಾನು ಊರಲ್ಲಿರುತ್ತೇನೆ. ಬಸ್ ನಿಲ್ದಾಣದಲ್ಲಿ ಕೂರುವ ವಿಷಯ ಅಪ್ಪನಿಗೆ ಹೇಳಿದ್ದೇನೆ. ಅವರು ಬೇಡ ಎನ್ನಲಿಲ್ಲ, ಭೇಷ್ ಎಂದೂ ಅನ್ನಲಿಲ್ಲ. ರಾತ್ರಿ ಪಾಳಿ ಯಾರು ನೋಡುತ್ತಾರೆ ಎಂದು ಕೇಳಿದರು. ನಂತರ, ಫೋನ್ ಇಡುವ ಮುನ್ನ: "ಆ ಟಕ್ ಟಕ್ ಅಂತೈತಲ್ಲ, ಅದನ್ನ ಎರಡ ತಗೊಂಡ ಬಾ."