ಭದ್ರಾವತಿಗೆ ಹೋಗಿ ಯೆಜ್ಡಿ ನೋಡಿ ಬಂದೆವು

ನನ್ನ ಮೊಮ್ಮಗ ಎಂಟನೇ ತರಗತಿ. ದಸರಾ ರಜೆಗೆ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಂದಾಗ ಅವನ ಚೀಲದಲ್ಲಿ ಬಟ್ಟೆಗಿಂತ ಕಾರುಗಳ ಚಿತ್ರವೇ ಹೆಚ್ಚಿತ್ತು. ಅವುಗಳಲ್ಲಿ ಒಂದನ್ನು ದೇವರ ಮನೆಯ ಪಕ್ಕದ ಗೋಡೆಗೇ ಅಂಟಿಸಿದ. ಕೆಂಪು ಕಾರು, ಮೂತಿಯ ಮೇಲೆ ಕುಣಿಯುವ ಕುದುರೆ. ಇಟಲಿಯ ಫೆರಾರಿಯಂತೆ.

"ಅಜ್ಜ, ಇಂಥ ಸ್ಪೀಡ್ ಗಾಡಿ ಮಾಡೋ ಕಂಪನಿ ನಮ್ಮ ಕರ್ನಾಟಕದಲ್ಲಿ ಯಾಕಿಲ್ಲ?" ಎಂದು ಕೇಳಿದ.

"ಕಾರು ಇರಲಿಲ್ಲ ಕಣೋ. ಆದರೆ ಬೈಕು ಇತ್ತು. ನನ್ನ ಹತ್ತಿರವೂ ಒಂದಿತ್ತು" ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮಂಡಿನೋವಿನ ಅಜ್ಜನಿಗೂ ಸ್ಪೀಡ್ ಬೈಕಿಗೂ ಎಲ್ಲಿಯ ಸಂಬಂಧ ಎನ್ನುವ ನೋಟ ಅದು. ಒಳಗಿನಿಂದ ಅವನ ಅಜ್ಜಿ, "ಇತ್ತು ಇತ್ತು. ಅದರ ಹಿಂದೆ ಕೂತು ಬಂದರೆ ಸೀರೆಗೆಲ್ಲ ಆಯಿಲ್ ವಾಸನೆ" ಎಂದು ಸಾಕ್ಷಿ ಹೇಳಿದಳು.

"ಈಗ ಎಲ್ಲಿದೆ?"

"ಭದ್ರಾವತಿಯಲ್ಲಿ."

ಮರುದಿನ ಬೆಳಿಗ್ಗೆ ತಿಂಡಿ ತಿಂದು ಇಬ್ಬರೂ ಬಸ್ಸು ಹತ್ತಿದೆವು.

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್. ಎರಡೂ ಊರಿನಲ್ಲಿ ಈ ರಸ್ತೆಗೆ ಬಿ.ಎಚ್. ರಸ್ತೆ ಎಂದೇ ಹೆಸರು. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ರಸ್ತೆ ಎಂದು ಅರ್ಥ. ಬಸ್ಸು ಹೊಳೆ ಸ್ಟಾಪ್ ಕಳೆದು ತುಂಗಾ ಸೇತುವೆ ದಾಟಿ ವಿದ್ಯಾನಗರ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ಎಂದು ಸಾಗುತ್ತದೆ. ತುಂಗೆಯ ದಡದಲ್ಲಿ ಹೊರಟವರು ಭದ್ರೆಯ ದಡದಲ್ಲಿ ಇಳಿಯುತ್ತೇವೆ. ಮಾಚೇನಹಳ್ಳಿಯ ಹಾಲಿನ ಡೈರಿ, ಕೈಗಾರಿಕಾ ಪ್ರದೇಶದ ಶೆಡ್ಡುಗಳನ್ನು ಮೊಮ್ಮಗನಿಗೆ ತೋರಿಸಿದೆ. ಶಿವಮೊಗ್ಗದ ಸುತ್ತ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳಿವೆ. ದೊಡ್ಡ ದೊಡ್ಡ ಕಂಪನಿಗಳ ವಾಹನಗಳಿಗೆ ಬೇಕಾದ ಭಾಗಗಳು ಇಲ್ಲಿ ತಯಾರಾಗುತ್ತವೆ. "ನೋಡು, ಹೆಸರು ಬೇರೆಯವರದ್ದು, ಬೆವರು ನಮ್ಮವರದ್ದು" ಎಂದೆ. ಅವನಿಗೆ ಆಗ ಅದು ಅಷ್ಟಾಗಿ ಹಿಡಿಸಲಿಲ್ಲ. ಬೈಕಿನ ಕಥೆ ಹೇಳು ಎಂದು ಪೀಡಿಸಿದ. ಹೇಳಿದೆ.

ಜಾವಾ ಎಂಬ ಹೆಸರು ಇಂಡೋನೇಷ್ಯಾದ ದ್ವೀಪದಿಂದ ಬಂದದ್ದಲ್ಲ. 1929ರಲ್ಲಿ ಚೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬುವರು ವಾಂಡರರ್ ಎಂಬ ಜರ್ಮನ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಕೊಂಡರು. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ಜಾವಾ ಆಯಿತು. ಯೂರೋಪಿನ ಕಠಿಣ ಓಟಗಳಲ್ಲಿ ಗೆದ್ದು ಹೆಸರು ಮಾಡಿದ ಗಾಡಿ ಅದು. ನಮ್ಮ ದೇಶದಲ್ಲಿ ಅದನ್ನು ತಯಾರಿಸಲು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರಲು ಶುರುವಾದವು. 1973ರ ಹೊತ್ತಿಗೆ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಕಂಪನಿಯ ಒಡೆಯರಾದ ಇರಾನಿ ಮನೆತನದವರ ಹಿರಿಯರ ನಾಡು ಇರಾನ್. ಅಲ್ಲಿನ ಯಜ್ದ್ ಊರಿನ ನೆನಪು ಆ ಹೆಸರಿನಲ್ಲಿದೆ. ಚೆಕ್ ದೇಶದ ವಿದ್ಯೆ, ಇರಾನಿನ ಹೆಸರು, ಮೈಸೂರಿನ ಕೈಕೆಲಸ!

ಆಗ ಪೇಟೆಯಲ್ಲಿ ಇದ್ದ ಮೋಟಾರ್ ಸೈಕಲ್ಲುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಗಂಭೀರ ಸದ್ದಿನ ಬುಲೆಟ್ ಪೊಲೀಸರದು, ಜಮೀನ್ದಾರರದು. ರಾಜದೂತ್ ಹಳ್ಳಿಯ ಹಾಲಿನವರದು. ಇವೆರಡರ ನಡುವೆ, ಓಡಿಸುವ ಖುಷಿಗಾಗಿ ಓಡಿಸುವವರ ಗಾಡಿ ಯೆಜ್ಡಿ. ಮದರಾಸಿನ ಹತ್ತಿರ ಶೋಲಾವರಂನಲ್ಲಿ ನಡೆಯುತ್ತಿದ್ದ ಓಟಗಳಲ್ಲಿ ಅದರ ಸದ್ದೇ ಸದ್ದು. 1978ರಲ್ಲಿ ರೋಡ್‌ಕಿಂಗ್ ಬಂತು. ಮರುವರ್ಷ ನಾನು ಬ್ಯಾಂಕಿನಲ್ಲೇ ಸಾಲ ಮಾಡಿ ಒಂದನ್ನು ಕೊಂಡೆ. ನನಗೆ ಭದ್ರಾವತಿ ಶಾಖೆಯಲ್ಲಿ ಗುಮಾಸ್ತನ ಕೆಲಸ, ಮನೆ ಶಿವಮೊಗ್ಗದಲ್ಲಿ. ಇದೇ ರಸ್ತೆಯಲ್ಲಿ ದಿನವೂ ಹೋಗಿ ಬರುತ್ತಿದ್ದೆ. ನಿದಿಗೆ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿದರೆ ನಾನು ಗುಮಾಸ್ತ ಎಂಬುದೇ ಮರೆತುಹೋಗುತ್ತಿತ್ತು.

"ಮತ್ತೆ ಯಾಕೆ ಮಾರಿದೆ?"

ಈ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು. ಅಷ್ಟರಲ್ಲಿ ಭದ್ರಾವತಿ ಬಂತು. ನನಗೂ ಸ್ವಲ್ಪ ಬಿಡುವು ಸಿಕ್ಕಿತು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕಬ್ಬಿಣದ ಕುಲುಮೆ ಬರುವ ಮೊದಲೇ ಆ ಹೆಸರಿತ್ತು ಎಂದರೆ ಮಕ್ಕಳು ನಂಬುವುದಿಲ್ಲ. ಹಳೇನಗರದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ, ಮೊದಲು ಅಲ್ಲಿ ಕೈಮುಗಿದೆವು. ಆಮೇಲೆ ನ್ಯೂಟೌನ್ ಕಡೆ ನಡೆದು ಕಾರ್ಖಾನೆಯ ಗೇಟಿನ ಮುಂದೆ ನಿಂತೆವು. ಮೈಸೂರು ಸಂಸ್ಥಾನದ ಈ ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು. ವಿಶ್ವೇಶ್ವರಯ್ಯನವರು ಮುಂದೆ ನಿಂತು ಬೆಳೆಸಿದ ಈ ಕಾರ್ಖಾನೆಗೆ ಈಗ ಅವರದೇ ಹೆಸರು. ವಾಹನಗಳ ಭಾಗಗಳಿಗೆ ಬೇಕಾದ ಮಿಶ್ರಲೋಹದ ಉಕ್ಕಿಗೆ ಇದು ಹೆಸರುವಾಸಿಯಾಗಿತ್ತು.

ನನ್ನ ಕಾಲದಲ್ಲಿ ಪಾಳಿ ಬಿಟ್ಟರೆ ಈ ರಸ್ತೆ ಸೈಕಲ್ಲುಗಳಿಂದ ತುಂಬುತ್ತಿತ್ತು. ಸಂಬಳದ ವಾರ ನಮ್ಮ ಕೌಂಟರಿನ ಮುಂದಿನ ಸಾಲು ಬಾಗಿಲು ದಾಟಿ ಬೀದಿಗೆ ಬರುತ್ತಿತ್ತು. ಈಗ ಗೇಟಿನ ಮುಂದೆ ಒಂದು ಆಟೋ, ಇಬ್ಬರು ಕಾವಲುಗಾರರು. ಸ್ವಂತ ಗಣಿ ಇಲ್ಲದ್ದು, ಯಂತ್ರಗಳು ಹಳೆಯದಾದದ್ದು ಎಲ್ಲ ಸೇರಿ ನಷ್ಟ ಬೆಳೆಯಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನವೇ ಆಗಿತ್ತು. ಕಾರ್ಮಿಕರು ಹೋರಾಟಕ್ಕೆ ಕುಳಿತರು. ಆ ವರ್ಷವೇ ಒಂದು ಭಾಗದಲ್ಲಿ ಮತ್ತೆ ಕೆಲಸ ಶುರುವಾಯಿತು. ಇಲ್ಲಿನ ಕಾಗದದ ಕಾರ್ಖಾನೆಯ ಯಂತ್ರಗಳು ಮಾತ್ರ 2015ರಲ್ಲಿ ನಿಂತವು, ಮತ್ತೆ ತಿರುಗಲಿಲ್ಲ.

ಅಲ್ಲಿಂದ ಎರಡು ಬೀದಿ ಆಚೆ ನಮ್ಮ ಮೇಸ್ತ್ರಿಯ ಶೆಡ್ಡು. 1987ರಲ್ಲಿ ನನ್ನ ಗಾಡಿ ಕೊಂಡಾಗ ಅವನಿಗೆ ಇಪ್ಪತ್ತು ವರ್ಷ. ಈಗ ತಲೆ ಪೂರ್ತಿ ಬಿಳಿ. ತಂದೆ ಕಬ್ಬಿಣದ ಕಾರ್ಖಾನೆಯ ಕಾರ್ಮಿಕ, ಗಿರಾಕಿಗಳೂ ಹೆಚ್ಚಿನವರು ಅಲ್ಲಿಯವರೇ.

"ಬನ್ನಿ ಸಾರ್, ನಿಮ್ಮ ಹುಡುಗಿ ಚೆನ್ನಾಗಿದ್ದಾಳೆ" ಎನ್ನುತ್ತ ಮೂಲೆಯ ಟಾರ್ಪಾಲು ಸರಿಸಿದ.

ಕೆಂಪು ಟ್ಯಾಂಕು, ಎರಡು ಕಡೆಗೂ ಒಂದೊಂದು ಸೈಲೆನ್ಸರ್. ಮೊಮ್ಮಗ ಸುತ್ತ ಎರಡು ಸಲ ಬಂದು, "ಕಿಕ್ಕರೇ ಇಲ್ಲವಲ್ಲ!" ಎಂದ. ಮೇಸ್ತ್ರಿ ನಕ್ಕು ಗೇರಿನ ಲಿವರನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದ. ಅದೇ ಕಿಕ್ಕರ್ ಆಯಿತು. ಗಾಡಿ ಶುರುವಾದ ಮೇಲೆ ಮತ್ತೆ ಅದೇ ಗೇರು. ಹುಡುಗನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಮೂರನೇ ಒದೆತಕ್ಕೆ ಇಂಜಿನ್ ಎದ್ದಿತು. ನೀಲಿ ಹೊಗೆ ಶೆಡ್ಡೆಲ್ಲ ತುಂಬಿತು. ಆ ಸದ್ದು ಕೇಳಿ ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

"ಇಷ್ಟೊಂದು ಹೊಗೆ ಯಾಕೆ?"

ಮೇಸ್ತ್ರಿ ಪಾಠ ಮಾಡಿದ. ಈಗಿನ ಬೈಕುಗಳದು ಫೋರ್ ಸ್ಟ್ರೋಕ್ ಇಂಜಿನ್. ಎರಡು ಸುತ್ತಿಗೆ ಒಮ್ಮೆ ಪೆಟ್ರೋಲ್ ಉರಿಯುತ್ತದೆ. ಯೆಜ್ಡಿಯದು ಟೂ ಸ್ಟ್ರೋಕ್, ಪ್ರತಿ ಸುತ್ತಿಗೂ ಉರಿಯುತ್ತದೆ. ಅದಕ್ಕೇ ಆ ಎಳೆತ. ಆದರೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕು, ಅದೂ ಉರಿದು ಹೊಗೆಯಾಗುತ್ತದೆ. ಸ್ವಲ್ಪ ಪೆಟ್ರೋಲ್ ಉರಿಯದೆಯೇ ಸೈಲೆನ್ಸರಿನಿಂದ ಹೊರಗೆ ಹೋಗಿಬಿಡುತ್ತದೆ.

ಮಾರಿದ್ದಕ್ಕೆ ಕಾರಣ ಅಲ್ಲೇ ಇತ್ತು. ನಾನು ಮೊಮ್ಮಗನ ಕೈಗೆ ಪೆನ್ನು ಕೊಟ್ಟು ಬಸ್ ಟಿಕೆಟ್ಟಿನ ಹಿಂದೆ ಲೆಕ್ಕ ಬರೆಸಿದೆ. ದಿನಕ್ಕೆ 40 ಕಿಲೋಮೀಟರ್, ತಿಂಗಳಿಗೆ 25 ದಿನ. ಒಟ್ಟು 1,000. ನನ್ನ ಯೆಜ್ಡಿ ಲೀಟರಿಗೆ 30 ಕೊಡುತ್ತಿತ್ತು, ಅಂದರೆ ತಿಂಗಳಿಗೆ 33 ಲೀಟರಿಗೂ ಹೆಚ್ಚು. 1985ರಲ್ಲಿ ಜಪಾನಿನವರ ಜೊತೆಗೂಡಿ ತಯಾರಿಸಿದ ಹೀರೋ ಹೋಂಡಾ ಬಂತು. ಇಂಡ್ ಸುಜುಕಿ, ಯಮಹಾ, ಕವಾಸಾಕಿ ಬಜಾಜ್ ಎಲ್ಲವೂ ಆ ಎರಡು ಮೂರು ವರ್ಷದಲ್ಲೇ ಬಂದವು. ಎಲ್ಲ 100 ಸಿಸಿಯ ಹಗುರ ಗಾಡಿಗಳು. ನಾನು ಕೊಂಡ ಫೋರ್ ಸ್ಟ್ರೋಕ್ ಗಾಡಿ ಲೀಟರಿಗೆ 65 ಕೊಟ್ಟಿತು. ತಿಂಗಳಿಗೆ 15 ಲೀಟರ್ ಚಿಲ್ಲರೆ ಸಾಕಾಯಿತು. ಅರ್ಧಕ್ಕಿಂತ ಹೆಚ್ಚು ಉಳಿತಾಯ. ಆ ವರ್ಷ ನಿನ್ನ ಅಮ್ಮನನ್ನು ಶಾಲೆಗೆ ಸೇರಿಸಬೇಕಿತ್ತು ಎಂದೆ.

"ಫೆರಾರಿ ಮೈಲೇಜ್ ಕೂಡ ಕಡಿಮೆ. ಆದ್ರೂ ಕಂಪನಿ ಮುಚ್ಚಿಲ್ವಲ್ಲ?"

ಒಳ್ಳೆಯ ಪ್ರಶ್ನೆ. 1947ರಲ್ಲಿ ಮರನೆಲ್ಲೊ ಎಂಬ ಊರಿನಲ್ಲಿ ಮೊದಲ ಫೆರಾರಿ ತಯಾರಾಯಿತು. ಇವತ್ತಿಗೂ ಅದೇ ಊರಿನಲ್ಲಿ ತಯಾರಾಗುತ್ತದೆ. 2023ರಲ್ಲಿ ಅವರು ಇಡೀ ಜಗತ್ತಿಗೆ ಮಾರಿದ್ದು 14,000ಕ್ಕಿಂತ ಕಡಿಮೆ ಕಾರು. ಬೇಕೆಂದೇ ಕಡಿಮೆ ಮಾಡುತ್ತಾರೆ, ಬೆಲೆ ಹೆಚ್ಚಿಡುತ್ತಾರೆ. ಅದನ್ನು ಕೊಳ್ಳುವವನು ಪೆಟ್ರೋಲಿನ ಲೆಕ್ಕ ಕೇಳುವುದಿಲ್ಲ. ಯೆಜ್ಡಿಯನ್ನು ಕೊಂಡವರು ಯಾರು? ನನ್ನಂಥ ಗುಮಾಸ್ತರು, ಕಾರ್ಖಾನೆಯ ಕಾರ್ಮಿಕರು, ಮೇಷ್ಟ್ರುಗಳು. ಓಟದ ಗಾಡಿಯನ್ನು ಲೆಕ್ಕ ಹಾಕುವ ಜನ ಕೊಂಡಿದ್ದರು. ಬೇರೆ ಗಾಡಿ ಇಲ್ಲದಷ್ಟು ದಿನ ಅದು ನಡೆಯಿತು. ಪೇಟೆಯ ಬಾಗಿಲು ತೆರೆದಾಗ ಕಂಪನಿ ಬೇಗ ಬದಲಾಗಲಿಲ್ಲ, ನಾವು ಬೇಗ ಬದಲಾದೆವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಆ ಸುದ್ದಿಯನ್ನು ನಾನು ಬ್ಯಾಂಕಿನಲ್ಲಿ ಕುಳಿತು ಪತ್ರಿಕೆಯಲ್ಲಿ ಓದಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಲ್ಲಿ ಕೆಲಸ ಕಳೆದುಕೊಂಡವರ ಲೆಕ್ಕವನ್ನು ನನ್ನ 15 ಲೀಟರಿನ ಲೆಕ್ಕದಲ್ಲಿ ಬರೆದಿರಲಿಲ್ಲವಲ್ಲ ಎಂದು ಅಂದು ಅನ್ನಿಸಿತು. ಹಾಗೆಂದು ನನ್ನ ಲೆಕ್ಕ ತಪ್ಪಾಗಿತ್ತೇ? ಅದನ್ನೂ ಹೇಳಲಾರೆ.

"ಆದರೆ ಯೆಜ್ಡಿ ಈಗಲೂ ಇದೆ ಅಜ್ಜ, ನಮ್ಮ ರಸ್ತೇಲಿ ನೋಡಿದೀನಿ!"

ನಿಜ. ಮಹೀಂದ್ರಾದವರು ಪಾಲುದಾರರಾಗಿರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರಲ್ಲಿ ಜಾವಾವನ್ನೂ 2022ರಲ್ಲಿ ಯೆಜ್ಡಿಯನ್ನೂ ಮತ್ತೆ ತಂದಿತು. ಫೋರ್ ಸ್ಟ್ರೋಕ್ ಇಂಜಿನ್, ಹೊಸ ವಿದ್ಯೆ, ಹಳೆಯ ಹೆಸರು. ಆ ಗಾತ್ರದ ಬೈಕುಗಳ ಪೇಟೆಯಲ್ಲಿ ಇವತ್ತು ರಾಯಲ್ ಎನ್‌ಫೀಲ್ಡ್ ಬಹಳ ಮುಂದಿದೆ. ಬುಲೆಟ್ಟಿನ ಕಂಪನಿಯೂ ಒಂದು ಕಾಲದಲ್ಲಿ ಕಷ್ಟದಲ್ಲಿತ್ತು, ಆದರೆ ಮುಚ್ಚಲಿಲ್ಲ. ನಡುವೆ ಇಪ್ಪತ್ತೆರಡು ವರ್ಷ ಬಾಗಿಲು ಹಾಕಿದ್ದವರು ಮತ್ತೆ ಗಿರಾಕಿ ಹುಡುಕುವುದು ಸುಲಭವಲ್ಲ. ಇನ್ನೊಂದು ಮಾತು. ಹೊಸ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಮರಳಿ ಬಂತು, ಯಾದವಗಿರಿಗೆ ಕೆಲಸ ಮರಳಲಿಲ್ಲ.

ಮೇಸ್ತ್ರಿ ಚಹಾ ತರಿಸಿದ. ಗುಟುಕರಿಸುತ್ತ ಮೆಲ್ಲಗೆ ಹೇಳಿದ: "ಸಾರ್, ಬೆಂಗಳೂರಿನವರೊಬ್ಬರು ಇದನ್ನು ಕೇಳ್ತಿದಾರೆ. ಹಳೇ ಗಾಡಿ ಕೂಡಿಡೋರಂತೆ. ನೀವು ಕೊಟ್ಟ ಬೆಲೆಗೆ ಎಷ್ಟೋ ಪಟ್ಟು ಕೊಡ್ತಾರೆ. ಕಾರ್ಖಾನೆ ಹೀಗಾದ ಮೇಲೆ ಶೆಡ್ಡಿಗೆ ಮೊದಲಿನ ಹಾಗೆ ಗಾಡಿ ಬರಲ್ಲ. ಮಗಳು ಇಂಜಿನಿಯರಿಂಗ್ ಸೇರಿದಾಳೆ. ಕೊಡ್ಲಾ?"

ನಾನು ಏನು ಹೇಳಲಿ? ಮಗಳ ಶಾಲೆಗೆಂದು ಇದೇ ಗಾಡಿ ಮಾರಿದವನು ನಾನು. ಬೇಡ ಎನ್ನುವ ಹಕ್ಕು ನನಗಿಲ್ಲ. "ಲೆಕ್ಕ ನೋಡಿದರೆ ಕೊಡಬೇಕಪ್ಪ" ಎಂದೆ. ಮೊಮ್ಮಗ ಥಟ್ಟನೆ, "ಬೇಡ ಅಂಕಲ್!" ಎಂದ. ಮೇಸ್ತ್ರಿ ನಕ್ಕ. "ಒಂದು ಸಲ ಸ್ಟಾರ್ಟ್ ಮಾಡು, ಆಮೇಲೆ ಹೇಳು" ಎಂದು ಅವನನ್ನು ಗಾಡಿಯ ಮೇಲೆ ಹತ್ತಿಸಿದ.

ಹುಡುಗ ಲಿವರ್ ಒತ್ತಿದ, ತಿರುಗಿಸಿದ, ಒದೆದ. ಏನೂ ಆಗಲಿಲ್ಲ. ಮತ್ತೆ ಒದೆದ. ಏಳನೇ ಸಲಕ್ಕೆ ಕಾಲು ಜಾರಿ ಮೊಣಕಾಲು ತರಚಿತು. ಒಂಬತ್ತನೇ ಸಲಕ್ಕೆ ಇಂಜಿನ್ ಎದ್ದಿತು. ಅವನ ಮುಖ ನೋಡಬೇಕಿತ್ತು!

ಹಿಂತಿರುಗುವ ಬಸ್ಸಿನಲ್ಲಿ ಅವನು ಮಾತಾಡಲಿಲ್ಲ. ಮಾಚೇನಹಳ್ಳಿಯ ಫೌಂಡ್ರಿಗಳ ಹತ್ತಿರ ಕಿಟಕಿಯಿಂದ ಇಣುಕಿ, "ಇಲ್ಲಿ ಮಾಡೋ ಭಾಗಗಳ ಮೇಲೆ ಇಲ್ಲಿಯ ಹೆಸರು ಇರತ್ತಾ ಅಜ್ಜ?" ಎಂದು ಮಾತ್ರ ಕೇಳಿದ. ಬೆಳಿಗ್ಗೆ ನಾನು ಹೇಳಿದ್ದು ಸಂಜೆಗೆ ಅವನನ್ನು ತಲುಪಿತ್ತು.

ಇದನ್ನು ಬರೆಯುವ ಹೊತ್ತಿಗೆ ಗಾಡಿ ಇನ್ನೂ ಶೆಡ್ಡಿನಲ್ಲೇ ಇದೆ. ಮೇಸ್ತ್ರಿ ಇನ್ನೂ ತೀರ್ಮಾನಿಸಿಲ್ಲ. ನಮ್ಮ ಗೋಡೆಯ ಮೇಲೆ ಕೆಂಪು ಕಾರಿನ ಪಕ್ಕದಲ್ಲಿ ಈಗ ಪೆನ್ಸಿಲಿನಲ್ಲಿ ಬರೆದ ಒಂದು ಬೈಕಿನ ಚಿತ್ರವಿದೆ. ಸೈಲೆನ್ಸರ್ ಎರಡು, ಲಿವರ್ ಒಂದೇ. ಕೆಳಗೆ 'ಮೈಸೂರು' ಎಂದು ಬರೆದಿದ್ದಾನೆ.

ಮಕ್ಕಳೇ, ಈ ರಜೆಯಲ್ಲಿ ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ನೋಡಿ. ನಿಮ್ಮ ಮನೆಯಲ್ಲಿ ಮೊದಲು ಯಾವ ಗಾಡಿ ಇತ್ತು, ಅದು ಯಾವ ಊರಿನಲ್ಲಿ ತಯಾರಾಗಿತ್ತು, ಅದನ್ನು ಯಾಕೆ ಮಾರಿದಿರಿ ಎಂದು. ಮೂರನೆಯ ಪ್ರಶ್ನೆಗೆ ಅವರು ಸ್ವಲ್ಪ ತಡವರಿಸಿದರೆ ಕಾದಿರಿ. ಒಳ್ಳೆಯ ಕಥೆ ಅಲ್ಲೇ ಇರುತ್ತದೆ.