ಮುಂದಿನ ಸೀಸನ್ನಿನ ಹದಿನೈದು ಮಂದಿ

ವೇಲ್ಸ್ ರಗ್ಬಿ ತಂಡದ ಅಭಿಮಾನಿಗೆ ವರ್ಷದಲ್ಲಿ ಅತ್ಯಂತ ಸುಖದ ಕಾಲ ಯಾವುದು ಅಂದರೆ, ತಂಡ ಆಡದೇ ಇರುವ ವಾರಗಳು. ಆಗ ಯಾರೂ ಸೋಲುವುದಿಲ್ಲ. ಗಾಯಗೊಂಡವರೆಲ್ಲ ವಾಸಿಯಾಗುತ್ತಿರುತ್ತಾರೆ. ಫಾರ್ಮ್ ಕಳೆದುಕೊಂಡವರು ಎಲ್ಲೋ ಬೆವರು ಸುರಿಸಿ ಅದನ್ನು ಹುಡುಕುತ್ತಿರುತ್ತಾರೆ. ಕಾರ್ಮಾರ್ಥನ್ ಕಡೆಯ ಯಾವುದೋ ಹಸಿ ಮೈದಾನದಲ್ಲಿ, ಮೀಸೆ ಚಿಗುರದ ಹುಡುಗನೊಬ್ಬ ದಂತಕಥೆಯಾದ ಆಟಗಾರ ಗ್ಯಾರೆತ್ ಎಡ್ವರ್ಡ್ಸ್‌ನಂಥ ಇನ್ನೊಬ್ಬ ಆಗುತ್ತಿರುತ್ತಾನೆ. ಇಂಥ ವಾರಗಳಲ್ಲಿ ನನಗೊಂದು ಹವ್ಯಾಸ. ಟಪಾಲಿನಲ್ಲಿ ಬಂದ ಕರೆಂಟ್ ಬಿಲ್ಲಿನ ಲಕೋಟೆ ತೆಗೆದುಕೊಂಡು, ಹಿಂಬದಿಯಲ್ಲಿ 1ರಿಂದ 15ರವರೆಗೆ ಅಂಕಿ ಬರೆದು, ಮುಂದಿನ ಸೀಸನ್ನಿನ ತಂಡ ಕಟ್ಟುವುದು.

ಈ ಕೆಲಸಕ್ಕೆ ಪೆನ್ಸಿಲ್ಲೇ ಆಗಬೇಕು. ಅಳಿಸುವ ರಬ್ಬರೂ ದೊಡ್ಡದಿರಬೇಕು. ರಗ್ಬಿಯಲ್ಲಿ ಅಂಗಿಯ ಮೇಲಿನ ಅಂಕಿಯೇ ಆಟಗಾರನ ಕಸುಬು ಹೇಳಿಬಿಡುತ್ತದೆ. 1 ಮತ್ತು 3 ಪ್ರಾಪ್‌ಗಳು, ಸ್ಕ್ರಮ್‌ನಲ್ಲಿ ಎದುರಾಳಿಯ ತಲೆಯ ಪಕ್ಕ ತಲೆ ಸಿಕ್ಕಿಸಿ ತಳ್ಳುವ ಧಡೂತಿಗಳು. ಅವರಿಬ್ಬರ ನಡುವೆ 2, ಹುಕ್ಕರ್. 4 ಮತ್ತು 5 ಲೈನ್‌ಔಟಿನಲ್ಲಿ ಜೊತೆಗಾರರಿಂದ ಎತ್ತಿಸಿಕೊಂಡು ಗಾಳಿಯಲ್ಲಿ ಚೆಂಡು ಹಿಡಿಯುವ ಉದ್ದಾಳುಗಳು. 9 ಸದಾ ಗೊಣಗುವ ಚುರುಕಿನವನು. 10, ಅಂದರೆ ಫ್ಲೈ-ಹಾಫ್, ಆಟದ ಯಜಮಾನ: ಒದೆಯಬೇಕೋ, ಎಸೆಯಬೇಕೋ, ತಾನೇ ನುಗ್ಗಬೇಕೋ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸುವವನು. 15 ಎಲ್ಲರಿಗಿಂತ ಹಿಂದೆ ಒಬ್ಬನೇ ನಿಂತು, ಆಕಾಶದಿಂದ ಬೀಳುವ ಚೆಂಡಿಗೆ ಕಾಯುವ ಒಂಟಿ.

ವೇಲ್ಸಿನಲ್ಲಿ ಎಲ್ಲರೂ ಚೀಟಿಯನ್ನು 10ರಿಂದ ಶುರು ಮಾಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಮದುವೆಯೂಟದ ಲೆಕ್ಕವನ್ನು ಅಕ್ಕಿ ಬಿಟ್ಟು ಹೋಳಿಗೆಯಿಂದ ಹಾಕಿದ ಹಾಗೆ ಅದು. ಸ್ಕ್ರಮ್‌ನ ಬಲಗಡೆಯ ಪ್ರಾಪ್ ಗಟ್ಟಿಯಿಲ್ಲದಿದ್ದರೆ 10ರವನು ಗಂಧರ್ವನಾದರೂ ಹಿಂದಕ್ಕೆ ಹೆಜ್ಜೆ ಹಾಕುತ್ತಲೇ ಆಡಬೇಕು. ಹಾಗಾಗಿ ನನ್ನ ಪೆನ್ಸಿಲ್ ಮೊದಲು ನಿಲ್ಲುವುದು 3ರ ಮುಂದೆ. ನಿಂತರೆ ಅಲ್ಲೇ ಬಹಳ ಹೊತ್ತು ನಿಲ್ಲುತ್ತದೆ, ಏಕೆಂದರೆ ಈಚಿನ ವರ್ಷಗಳಲ್ಲಿ ನಮ್ಮ ಕೊರತೆಯಿರುವುದೂ ಅಲ್ಲೇ.

ಕಾರ್ಡಿಫ್‌ನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಇದನ್ನು ಕೇಳಿದರೆ ನಗುತ್ತಾರೆ. ಅವರು ಲನೆಲ್ಲಿಯವರು, ಅಲ್ಲಿಯ ಟ್ರಾಸ್ಟ್ರೆ ತಗಡಿನ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದು, ಈಗ ಮಗಳ ಮನೆಗೆ ಬಂದಿದ್ದಾರೆ. 1972ರ ಅಕ್ಟೋಬರ್ 31ರಂದು, ಒಂದು ಮಂಗಳವಾರ, ಲನೆಲ್ಲಿ ಎಂಬ ಈ ಊರಿನ ಕ್ಲಬ್ಬು ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ತಂಡವನ್ನು 9-3ರಿಂದ ಸೋಲಿಸಿತ್ತು. ಆ ರಾತ್ರಿ ಪಬ್ಬುಗಳಲ್ಲಿ ಬಿಯರ್ ಖಾಲಿಯಾದ ಕಥೆ ವೇಲ್ಸಿನ ಮಕ್ಕಳಿಗೂ ಗೊತ್ತು. ಅಂದು ಸ್ಟ್ರೇಡಿ ಪಾರ್ಕ್ ಮೈದಾನದಲ್ಲಿ ಹಿಡಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜನ ‘ನಾನು ಅಲ್ಲಿದ್ದೆ’ ಎನ್ನುತ್ತಾರೆ. ‘ನಾನಿರಲಿಲ್ಲ, ಪಾಳಿಯಿತ್ತು’ ಎಂದು ಒಪ್ಪಿಕೊಂಡ ಲನೆಲ್ಲಿಯವರನ್ನು ನಾನು ನೋಡಿದ್ದು ಇವರೊಬ್ಬರನ್ನೇ. ಆ ಊರಿನ ಗೋಲುಕಂಬಗಳ ತುದಿಯಲ್ಲಿ ಪುಟ್ಟ ಕೆಂಪು ಪಾತ್ರೆಗಳನ್ನು ಸಿಕ್ಕಿಸಿರುತ್ತಾರೆ, ತಗಡಿನ ಕಸುಬಿನ ನೆನಪಿಗೆ. ಹೊಸ ಕ್ರೀಡಾಂಗಣಕ್ಕೆ ಹೋದಾಗ ಅವನ್ನೂ ಕೊಂಡೊಯ್ದರು.

“10 ಯಾರು, ಮೊದಲು ಅದು ಹೇಳು,” ಎನ್ನುತ್ತಾರೆ ಅವರು.

“ಮೊದಲು 3 ಯಾರು ಅಂತ ನೀವು ಹೇಳಿ.”

“3 ಎಲ್ಲಾದರೂ ಸಿಗುತ್ತಾನೆ. 10 ಹುಟ್ಟಬೇಕು.”

ಅವರ ಹಟಕ್ಕೆ ಕಾರಣವಿದೆ. ವೇಲ್ಸಿನ ನೈರುತ್ಯದಲ್ಲಿ, ಕೆಲವೇ ಮೈಲಿಗಳ ಸುತ್ತಳತೆಯ ಗಣಿ ಮತ್ತು ತಗಡಿನ ಹಳ್ಳಿಗಳಿಂದ ಬ್ಯಾರಿ ಜಾನ್, ಫಿಲ್ ಬೆನೆಟ್, ಜೊನಾಥನ್ ಡೇವಿಸ್ ಒಬ್ಬರ ಹಿಂದೊಬ್ಬರು ಬಂದರು. ಬೆಟ್ಟದಡಿಯಲ್ಲಿ ಫ್ಲೈ-ಹಾಫ್‌ಗಳ ಕಾರ್ಖಾನೆಯೇ ಇದೆಯೆಂದು ಹಾಸ್ಯಗಾರ ಮ್ಯಾಕ್ಸ್ ಬಾಯ್ಸ್ ಹಾಡು ಕಟ್ಟಿದರು. ಹಾಡು ತಮಾಷೆಯದು, ಜನ ಮಾತ್ರ ಅದನ್ನು ಅರ್ಧ ನಿಜವೆಂದೇ ನಂಬಿದರು. ಅಂದಿನಿಂದ ಪ್ರತಿ ಶರತ್ಕಾಲದಲ್ಲಿ ಕಾರ್ಖಾನೆಯ ಬಾಗಿಲಲ್ಲಿ ನಿಂತು ಮುಂದಿನ ಸರಕಿಗೆ ಕಾಯುವುದು ಇಲ್ಲಿಯ ಅಭಿಮಾನಿಯ ಪಾಡು.

ಬ್ಯಾರಿ ಜಾನ್ ಕಥೆ ಮಾತ್ರ ನನ್ನ ಪೆನ್ಸಿಲನ್ನು ಸ್ವಲ್ಪ ತಡೆಯುತ್ತದೆ. 1971ರಲ್ಲಿ ಬ್ರಿಟನ್, ಐರ್ಲೆಂಡಿನ ಆಟಗಾರರ ಜಂಟಿ ತಂಡವಾದ ಬ್ರಿಟಿಷ್ ಲಯನ್ಸ್ ನ್ಯೂಜಿಲೆಂಡಿನಲ್ಲೇ ಆಲ್ ಬ್ಲ್ಯಾಕ್ಸ್ ವಿರುದ್ಧ ಸರಣಿ ಗೆದ್ದಿತು. ಆ ಗೆಲುವು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಅದರ 10 ಬ್ಯಾರಿ ಜಾನ್. ಕೋಚ್ ಅವರದೇ ಹಳ್ಳಿ ಕೆವ್ನೀಥಿನ್‌ನ ಕಾರ್ವಿನ್ ಜೇಮ್ಸ್. ಊರಿಗೆ ಮರಳಿದ ಬ್ಯಾರಿಯನ್ನು ಜನ ‘ರಾಜ’ ಎಂದರು, ಅವರೆದುರು ಹುಡುಗಿಯೊಬ್ಬಳು ರಾಣಿಗೆ ಮಾಡುವಂತೆ ಮಂಡಿ ಬಗ್ಗಿಸಿ ವಂದಿಸಿದಳು. ಇದು ಅತಿಯಾಯಿತು ಎನ್ನಿಸಿ, 1972ರಲ್ಲಿ, 27ನೇ ವಯಸ್ಸಿಗೇ ಅವರು ಆಟ ಬಿಟ್ಟರು. ನಮ್ಮ ನಿರೀಕ್ಷೆಗೂ ತೂಕವಿದೆ, ಅದು ಯಾವನೋ ಹುಡುಗನ ಹೆಗಲ ಮೇಲೆ ಹೋಗಿ ಕೂರುತ್ತದೆ. ಲಕೋಟೆಯ ಮೇಲೆ ಹತ್ತೊಂಬತ್ತರ ಹುಡುಗನ ಹೆಸರು ಬರೆಯುವಾಗ ಇದು ನೆನಪಾಗುತ್ತದೆ. ಆದರೂ ಬರೆಯುತ್ತೇನೆ.

ಆಸೆಗೆ ಅಳತೆಗಳಿವೆ ಎಂದು ನಾನು ಕಲಿತದ್ದು ಈ ತಂಡದಿಂದಲೇ. 2005, 2008, 2012, 2019, ಈ ನಾಲ್ಕು ವರ್ಷ ವೇಲ್ಸ್ ಸಿಕ್ಸ್ ನೇಷನ್ಸ್ ಟೂರ್ನಿಯ ಐದಕ್ಕೆ ಐದೂ ಪಂದ್ಯ ಗೆದ್ದು ಗ್ರ್ಯಾಂಡ್ ಸ್ಲ್ಯಾಮ್ ಪಡೆದಿತ್ತು. ಆಗ ಚಳಿಗಾಲದಲ್ಲಿ ‘ಈ ಸಲ ಸ್ಲ್ಯಾಮ್ ಬರುತ್ತಾ?’ ಎಂದು ಕೇಳಿಕೊಳ್ಳುತ್ತಿದ್ದೆವು. 2011ರ ವಿಶ್ವಕಪ್ ಸೆಮಿಫೈನಲ್ ಆಕ್ಲೆಂಡಿನಲ್ಲಿ ನಡೆದರೆ, ಇಲ್ಲಿ ಬೆಳಗಿನ ಹೊತ್ತಿಗೆ ಅರವತ್ತು ಸಾವಿರ ಜನ ಖಾಲಿ ಮೈದಾನದ ಸುತ್ತ ಕೂತು ಪರದೆ ನೋಡಿದರು. ನಾಯಕ ಸ್ಯಾಮ್ ವಾರ್ಬರ್ಟನ್‌ಗೆ ಇಪ್ಪತ್ತು ನಿಮಿಷ ತುಂಬುವ ಮೊದಲೇ ಕೆಂಪು ಕಾರ್ಡ್. 9-8ರಿಂದ ಫ್ರಾನ್ಸ್ ಗೆದ್ದಿತು. ಆ ಒಂದು ಪಾಯಿಂಟಿನ ಬಗ್ಗೆ ಇಂದಿಗೂ ಪಬ್ಬುಗಳಲ್ಲಿ ಧ್ವನಿ ಏರುತ್ತದೆ.

ಆಮೇಲೆ ಅಳತೆ ಕುಗ್ಗುತ್ತ ಬಂತು. 2022ರ ಮಾರ್ಚಿನಲ್ಲಿ ಇಟಲಿ ಕಾರ್ಡಿಫ್‌ಗೇ ಬಂದು 22-21ರಿಂದ ಗೆದ್ದು ಹೋಯಿತು, ನವೆಂಬರಿನಲ್ಲಿ ಜಾರ್ಜಿಯಾ 13-12. 2023ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಿಂದ ಹಿಡಿದು ಸತತ 18 ಟೆಸ್ಟ್ ಸೋಲು. ನಡುವೆ, 2025ರ ಮಾರ್ಚಿನಲ್ಲಿ, ತವರಿನಲ್ಲಿ ಇಂಗ್ಲೆಂಡ್ ಎದುರು 68-14. ಸ್ಲ್ಯಾಮ್ ಕೇಳುತ್ತಿದ್ದವರು ಒಂದು ಗೆಲುವು ಸಾಕೆಂದರು. ಗೆಲುವು ಬೇಡ, ಲೈನ್‌ಔಟಿನಲ್ಲಿ ನಮ್ಮ ಚೆಂಡು ನಮಗೇ ಸಿಕ್ಕರೆ ಸಾಕೆಂದರು. ಕಡೆಗೆ ಎದುರಾಳಿ ಐವತ್ತು ದಾಟದಿದ್ದರೆ ಸಾಕು ಎಂಬಲ್ಲಿಗೆ ಬಂದು ನಿಂತರು. 2025ರ ಜುಲೈ 12ರಂದು ಜಪಾನಿನ ಕೋಬೆಯಲ್ಲಿ, ಉರಿಬಿಸಿಲಿನಲ್ಲಿ, 31-22ರಿಂದ ಗೆದ್ದಾಗ ಪಕ್ಕದ ಮನೆಯವರು ಬೇಲಿಯ ಮೇಲಿಂದ ಕೈ ಚಾಚಿ ನನ್ನ ಕೈ ಕುಲುಕಿದರು. ಗ್ರ್ಯಾಂಡ್ ಸ್ಲ್ಯಾಮ್ ದಿನಗಳಲ್ಲೂ ಅವರು ಅಷ್ಟು ಗಂಭೀರವಾಗಿ ಕೈ ಕುಲುಕಿರಲಿಕ್ಕಿಲ್ಲ.

ಕಾಕತಾಳೀಯ ನೋಡಿ, ಅದಕ್ಕೆ ಐದಾರು ವಾರ ಮೊದಲಷ್ಟೇ ನಮ್ಮ ಆರ್‌ಸಿಬಿ ತನ್ನ 18ನೇ ಸೀಸನ್ನಿನಲ್ಲಿ ಕಪ್ ಎತ್ತಿತ್ತು. ‘ಈ ಸಲ ಕಪ್ ನಮ್ದೇ’ ಎಂದು ವರ್ಷವರ್ಷವೂ ಹೇಳಿ, ಬೈಸಿಕೊಂಡು, ಮತ್ತೆ ಹೇಳಿದ ಜನ ನಾವು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜೀವ ಹೋಗಿ, ಆ ಸಂತೋಷವನ್ನು ಪೂರ್ತಿ ಸಂತೋಷ ಎನ್ನಲೂ ನಾಲಿಗೆ ಬರುವುದಿಲ್ಲ. ಆದರೆ ಕಾಯುವ ವಿದ್ಯೆಯಲ್ಲಿ ನನಗೆ ಒಳ್ಳೆಯ ತಾಲೀಮು ಆಗಿತ್ತು. ವೇಲ್ಸಿಗೆ ಬಂದಾಗ ಹೊಸದಾಗಿ ಕಲಿಯಬೇಕಾದ್ದು ಆಟದ ನಿಯಮ ಮಾತ್ರ.

ನಮ್ಮ ಮನೆ ಕ್ಯಾಂಟನ್ ಬಡಾವಣೆಯಲ್ಲಿ. ಟ್ಯಾಫ್ ನದಿ ದಾಟಿದರೆ ಸುಮಾರು 74 ಸಾವಿರ ಜನ ಹಿಡಿಸುವ ಪ್ರಿನ್ಸಿಪಾಲಿಟಿ ಕ್ರೀಡಾಂಗಣ, ಊರ ನಟ್ಟನಡುವೆ. ಟಿಕೆಟ್ ಸಿಗದ ದಿನ ಮನೆಯಲ್ಲೇ ಟಿವಿ ಮುಂದೆ ಕೂರುತ್ತೇವೆ. ಮೊದಲಿಗೆ ರಾಷ್ಟ್ರಗೀತೆ. ಆ ಹಾಡಿನ ಹೊತ್ತಿನಲ್ಲಿ ವೇಲ್ಸ್ ಇದುವರೆಗೆ ಯಾರಿಗೂ ಸೋತಿಲ್ಲ. ಆಮೇಲೆ ಒಂದು ವಿಚಿತ್ರ. ಟಿವಿಯ ಚಿತ್ರ ಕ್ರೀಡಾಂಗಣದಿಂದ ಸುತ್ತು ಹೊಡೆದು ನಮ್ಮ ಮನೆ ತಲುಪಲು ಹಲವು ಸೆಕೆಂಡು ಹಿಡಿಯುತ್ತದೆ. ಜನರ ಕೂಗು ಮಾತ್ರ ನದಿ ದಾಟಿ ನೇರ ಕಿಟಕಿಗೆ ಬಂದುಬಿಡುತ್ತದೆ. ಪರದೆಯಲ್ಲಿ ಇನ್ನೂ ಸ್ಕ್ರಮ್ ಕಟ್ಟುತ್ತಿರುವಾಗಲೇ ಹೊರಗೆ ಗದ್ದಲವೆದ್ದರೆ, ಟ್ರೈ ಬಂತೆಂದು, ಅಂದರೆ ಗೆರೆಯಾಚೆ ಚೆಂಡು ಊರಿ ಅಂಕ ಗಳಿಸಿದೆವೆಂದು, ನಮಗೆ ಗೊತ್ತು. ಯಾರ ಕೈಯಿಂದ, ಯಾವ ಮೂಲೆಯಲ್ಲಿ ಎಂಬುದಷ್ಟೇ ಉಳಿದ ಕುತೂಹಲ. ಸಂಕಟವಿರುವುದು ಇನ್ನೊಂದರಲ್ಲಿ. ಪರದೆಯಲ್ಲಿ ನಮ್ಮ ವಿಂಗರ್ ಚೆಂಡು ಬಗಲಲ್ಲಿ ಅವುಚಿಕೊಂಡು, ಮುಂದೆ ಒಬ್ಬ ಎದುರಾಳಿಯೂ ಇಲ್ಲದೆ ಓಡುತ್ತಿದ್ದಾನೆ, ಕಿಟಕಿಯಲ್ಲಿ ಸದ್ದಿಲ್ಲ. ಅವನು ಎಡವುತ್ತಾನೆ ಎಂದು ಅವನಿಗಿಂತ ಮೊದಲೇ ನಮಗೆ ಗೊತ್ತಾಗಿರುತ್ತದೆ.

ಇದನ್ನು ಮೊದಲು ತಡೆಯಲಾರದೆ ಹೋದವರು ಪಕ್ಕದ ಮನೆಯವರೇ. “ಆ ಕಿಟಕಿ ಮುಚ್ಚು ಮಾರಾಯ,” ಎಂಬರ್ಥದ ಮಾತಾಡಿದರು. ಈಗ ಪಂದ್ಯದ ದಿನ ನಮ್ಮಲ್ಲಿ ಕಿಟಕಿಗಳು ಭದ್ರ, ಅವುಗಳ ಪರದೆ ಎಳೆದಿರುತ್ತೇವೆ, ಟಿವಿ ಜೋರಾಗಿರುತ್ತದೆ. ಬೇಸಿಗೆಯ ಪಂದ್ಯವಾದರೆ ಬೆವರುತ್ತೇವೆ. ಹೊರಗಿನ ಸುದ್ದಿ ಒಳಗೆ ಬರದಂತೆ ನೋಡಿಕೊಂಡರೆ ಅಷ್ಟು ಸೆಕೆಂಡು ಏನು ಬೇಕಾದರೂ ಆಗಬಹುದು, ಅದು ನಮ್ಮ ಹಕ್ಕು ಎಂದು ಅವರ ವಾದ.

ಎಲ್ಲ ಆಸೆಗಳಿಗಿಂತ ಹಳೆಯದು ಆಲ್ ಬ್ಲ್ಯಾಕ್ಸ್ ಕುರಿತದ್ದು. 1905, 1935, 1953, ಮೂರು ಸಲ ವೇಲ್ಸ್ ಅವರನ್ನು ಸೋಲಿಸಿದೆ. 1953ರ ಡಿಸೆಂಬರಿನ 13-8ರ ನಂತರ ಒಮ್ಮೆಯೂ ಇಲ್ಲ. ಅತಿ ಹತ್ತಿರ ಬಂದದ್ದರಲ್ಲಿ 1978ರದ್ದೂ ಒಂದು. 12-10ರ ಮುನ್ನಡೆ, ಮುಗಿಯಲು ನಿಮಿಷಗಳು ಬಾಕಿ. ಲೈನ್‌ಔಟಿನಲ್ಲಿ ನ್ಯೂಜಿಲೆಂಡಿನ ಆಂಡಿ ಹೇಡನ್ ಯಾರೂ ತಳ್ಳದೆಯೇ ಹಾರಿಬಿದ್ದರು. ಪೆನಾಲ್ಟಿ ಸಿಕ್ಕಿ ನ್ಯೂಜಿಲೆಂಡ್ 13-12ರಿಂದ ಗೆದ್ದಿತು. ತಾನು ಪೆನಾಲ್ಟಿ ಕೊಟ್ಟದ್ದು ಬೇರೆ ತಪ್ಪಿಗೆಂದು ರೆಫರಿ ಹೇಳಿದರೂ ಇಲ್ಲಿ ಯಾರಿಗೂ ಅದು ಬೇಕಿಲ್ಲ. 2025ರ ನವೆಂಬರಿನಲ್ಲಿ ಸೋತದ್ದು 52-26ರಿಂದ. ಆದರೆ ಟಾಮ್ ರಾಜರ್ಸ್ ಎಂಬ ವಿಂಗರ್ ಒಬ್ಬರೇ ಮೂರು ಟ್ರೈ ಹೊಡೆದರು. ಆ ತಂಡದ ಎದುರು ಯಾವ ವೆಲ್ಷ್‌ಮನ್ನೂ ಅದುವರೆಗೆ ಮಾಡಿರಲಿಲ್ಲ. ವಾರವೆಲ್ಲ ನಾವು ಮಾತಾಡಿದ್ದು ಆ ಮೂರರ ಬಗ್ಗೆ. ಐವತ್ತೆರಡನ್ನು ಯಾರೂ ಎತ್ತಲಿಲ್ಲ. ಅದರ ಮುಂದಿನ ಶನಿವಾರ ದಕ್ಷಿಣ ಆಫ್ರಿಕಾ ಬಂತು. ದಾವಣಗೆರೆಯಿಂದ ಅಮ್ಮ ಫೋನ್ ಮಾಡಿದರು.

“ಗೆದ್ರೇನಪ್ಪ ನಿಮ್ಮೋರು?”

“ಇಲ್ಲಮ್ಮ.”

“ಎಷ್ಟಕ್ಕೆ?”

“ಎಪ್ಪತ್ಮೂರು, ಸೊನ್ನೆ.”

“ಸೊನ್ನೆ ಯಾರ್ದು?”

ಇಷ್ಟಾದ ಮೇಲೂ ಲಕೋಟೆ ಹುಡುಕುವ ಜನರಿಗೆ ಬೇರೊಂದು ದಿಗಿಲೂ ಇದೆ. ವೇಲ್ಸಿನ ವೃತ್ತಿಪರ ರಗ್ಬಿ ನಾಲ್ಕು ತಂಡಗಳ ಮೇಲೆ ನಿಂತಿದೆ: ಕಾರ್ಡಿಫ್, ಸ್ಕಾರ್ಲೆಟ್ಸ್, ಆಸ್ಪ್ರೀಸ್, ಡ್ರ್ಯಾಗನ್ಸ್. ದುಡ್ಡು ಸಾಲದು, ಮೂರಕ್ಕೆ ಇಳಿಸುತ್ತೇವೆ ಎಂದು 2025ರ ಅಕ್ಟೋಬರಿನಲ್ಲಿ ವೆಲ್ಷ್ ರಗ್ಬಿ ಯೂನಿಯನ್ ಪ್ರಕಟಿಸಿತು. 2003ರಲ್ಲಿ ಐದು ತಂಡಗಳಿದ್ದವು. ಪಾಂಟಿಪ್ರಿಡ್ ಮತ್ತು ಬ್ರಿಜೆಂಡ್ ಕಡೆಯವರ ಸೆಲ್ಟಿಕ್ ವಾರಿಯರ್ಸ್ ಒಂದೇ ಸೀಸನ್ನಿಗೆ ಮುಚ್ಚಿಹೋಯಿತು. ಸೋಲುವ ತಂಡಕ್ಕೆ ಮುಂದಿನ ವರ್ಷ ಎಂಬುದೊಂದು ಇರುತ್ತದೆ. ಮುಚ್ಚಿದ ತಂಡದ ಅಭಿಮಾನಿ ಪೆನ್ಸಿಲ್ ಹಿಡಿದು ಏನು ಬರೆಯಬೇಕು? ಲೆಕ್ಕಪತ್ರ ನೋಡಿದರೆ ಯೂನಿಯನ್ ಹೇಳುವುದರಲ್ಲಿ ಅರ್ಥವಿರಬಹುದು. ಆದರೆ ತಂಡ ಕಳೆದುಕೊಳ್ಳುವ ಊರಿನವರಿಗೆ ‘ಇನ್ನು ಮುಂದೆ ಪಕ್ಕದವರನ್ನು ಪ್ರೀತಿಸಿ’ ಎಂದು ಸುತ್ತೋಲೆ ಕಳಿಸಿ ಪ್ರೀತಿ ಹುಟ್ಟಿಸಲಾಗದು. ಈ ಒಂದು ವಿಷಯದಲ್ಲಿ ಪಕ್ಕದ ಮನೆಯವರೂ ನಾನೂ ಜಗಳವಾಡುವುದಿಲ್ಲ.

ಈಗ ಮೇಜಿನ ಮೇಲಿರುವ ಲಕೋಟೆ 2027ರ ವಿಶ್ವಕಪ್ಪಿನದು. ಅಕ್ಟೋಬರ್ 1ರಿಂದ ಆಸ್ಟ್ರೇಲಿಯಾದಲ್ಲಿ, ಮೊದಲ ಬಾರಿಗೆ 24 ತಂಡಗಳು. ಅದರ ಡ್ರಾಗೆ ಮುಂಚೆ ಕಾರ್ಡಿಫ್‌ನಲ್ಲಿ ಜಪಾನ್ ಎದುರು ಸಮಯ ಮೀರಿದ ಮೇಲೆ ಜ್ಯಾರೆಡ್ ಇವಾನ್ಸ್ ಒದ್ದ ಪೆನಾಲ್ಟಿಯಿಂದ 24-23ರಲ್ಲಿ ಗೆದ್ದೆವು. ವಿಶ್ವ ಶ್ರೇಯಾಂಕದ ಮೊದಲ ಹನ್ನೆರಡರೊಳಗೆ ಜಾಗ ಉಳಿಯಿತು. ಸಿಕ್ಕ ಗುಂಪು: ಇಂಗ್ಲೆಂಡ್, ಟೊಂಗಾ, ಜಿಂಬಾಬ್ವೆ. ಇಂಗ್ಲೆಂಡ್ ಎಂದೊಡನೆ ಪಕ್ಕದ ಮನೆಯವರು ಎದ್ದು ನಿಂತರು. 2015ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನದೇ ನೆಲ ಟ್ವಿಕೆನಮ್‌ನಲ್ಲಿ, ಗಾಯಾಳುಗಳಿಂದ ಚಿಂದಿಯಾದ ತಂಡ ಇಟ್ಟುಕೊಂಡು, ವೇಲ್ಸ್ 28-25ರಿಂದ ಗೆದ್ದಿತ್ತು. ಆತಿಥೇಯರು ಗುಂಪಿನ ಹಂತದಲ್ಲೇ ಹೊರಬಿದ್ದರು. ಆ ಪಂದ್ಯದ ಪ್ರತಿ ಒದೆತವೂ ಅವರಿಗೆ ಬಾಯಿಪಾಠ.

ನಾನು ಲೆಕ್ಕ ಹೇಳಿದೆ: ಆರು ಗುಂಪುಗಳು, ಪ್ರತಿ ಗುಂಪಿನ ಮೊದಲಿಬ್ಬರು, ಜೊತೆಗೆ ಮೂರನೆಯವರಲ್ಲಿ ನಾಲ್ಕು ತಂಡ ಮುಂದಕ್ಕೆ. ಟೊಂಗಾ, ಜಿಂಬಾಬ್ವೆ ಎದುರು ಗೆದ್ದರೆ ಸಾಕು. ಇಂಗ್ಲೆಂಡ್ ಎದುರು ಮಾನ ಉಳಿದರೆ ಸಂತೋಷ. ನಮ್ಮ ಆಟಗಾರ ಜ್ಯಾಕ್ ಮೋರ್ಗನ್ ಹೆಗಲು ಗಟ್ಟಿಯಿರಲಿ, 3ರ ಜಾಗಕ್ಕೆ ಒಬ್ಬ ಸಿಗಲಿ, ಕೋಚ್ ಸ್ಟೀವ್ ಟ್ಯಾಂಡಿಗೆ ಎರಡು ಸೀಸನ್ ಯಾರೂ ಕಿರುಕುಳ ಕೊಡದಿರಲಿ. ನನ್ನ ಬೇಡಿಕೆ ಇಷ್ಟೇ. ಅವರು ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು, 10ರ ಮುಂದಿದ್ದ ಹೆಸರು ಹೊಡೆದು, ಅಂಡರ್-20 ತಂಡದ ಹುಡುಗನೊಬ್ಬನ ಹೆಸರು ಬರೆದರು. ಅವನ ಊರು ಎಲ್ಲಿ ಎಂದು ಕೇಳಿದೆ. ಕಾರ್ಖಾನೆಯ ಬೆಟ್ಟದಿಂದ ಏಳೇ ಮೈಲಿ ಎಂದರು. ಅವನು ಟ್ಯಾಕಲ್ ಮಾಡುವುದೇ ಇಲ್ಲವಲ್ಲ ಎಂದೆ.

“ಬ್ಯಾರಿ ಜಾನ್ ಮಾಡುತ್ತಿದ್ದನೇನು?” ಎಂದು, ಲಕೋಟೆಯ ಮೂಲೆಯಲ್ಲಿ ‘ಇಂಗ್ಲೆಂಡ್ 25, ವೇಲ್ಸ್ 28’ ಎಂದು ಗೀಚಿ, ನಮ್ಮ ಕರೆಂಟ್ ಬಿಲ್ಲಿನ ಸಮೇತ ಜೇಬಿಗಿಳಿಸಿಕೊಂಡು ಹೋದರು. ಬಿಲ್ಲು ಕಟ್ಟಲು ಇನ್ನು ನಾಲ್ಕು ದಿನವಿದೆ, ಇಸಕೊಂಡು ಬರಬೇಕು.